ಮನೆಯಲ್ಲಿ ತಣ್ಣನೆ ಕಾಫಿ: ರಾತ್ರಿಯಿಡೀ ನೆನೆಸುವುದಾ, ಐಸ್ ಮೇಲೆ ಇಳಿಸುವುದಾ?

ತಣ್ಣನೆ ಕಾಫಿ ಮನೆಯಲ್ಲೇ ಮಾಡಿಕೊಳ್ಳೋಣ ಅಂತ ಹೊರಟವರು ಮೊದಲು ಹುಡುಕುವುದು ಪಾತ್ರೆಯನ್ನು. ಯಾವ ಬಾಟಲಿ, ಯಾವ ಜಾಲರಿ, ಯಾವ ಕಂಪನಿ. ನಾನೂ ಹಾಗೇ ಶುರು ಮಾಡಿದ್ದೆ. ಮೂರು ಬಗೆಯ ಸಾಮಾನು ಕೊಂಡು, ಎರಡನ್ನು ಅಟ್ಟಕ್ಕೆ ಸೇರಿಸಿದ ಮೇಲೆ ಬುದ್ಧಿ ಬಂತು. ಪಾತ್ರೆ ಯಾವುದಾದರೂ ನಡೆಯುತ್ತದೆ. ರುಚಿ ನಿಂತಿರುವುದು ನೀರು ಬಿಸಿಯೋ ತಣ್ಣಗೋ ಅನ್ನುವುದರ ಮೇಲೆ. ನಿಮಗೆ ಎಷ್ಟು ಕೆಲಸ ಬೀಳುತ್ತದೆ ಅನ್ನುವುದು ಸೋಸುವ ರೀತಿಯ ಮೇಲೆ. ಈ ಎರಡನ್ನು ಮೊದಲು ತೀರ್ಮಾನ ಮಾಡಿ, ಆಮೇಲೆ ಅಂಗಡಿಗೆ ಹೋಗಿ. ಎಷ್ಟೋ ಜನಕ್ಕೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಒಂದೇ ಬೀಜ, ಎರಡು ಲೋಟ

ಮನೆಯಲ್ಲಿ ತಣ್ಣನೆ ಕಾಫಿ ಮಾಡುವ ದಾರಿಗಳು ಮುಖ್ಯವಾಗಿ ಎರಡು. ಒಂದು ಕೋಲ್ಡ್ ಬ್ರೂ. ಕಾಫಿ ಪುಡಿಯನ್ನು ತಣ್ಣೀರಲ್ಲಿ ಹಾಕಿ 12 ಗಂಟೆಯೋ ಇನ್ನೂ ಜಾಸ್ತಿಯೋ ನೆನೆಸಿಟ್ಟು ಸೋಸುವುದು. ಬೆಂಕಿಯ ಮಾತೇ ಇಲ್ಲ. ಇನ್ನೊಂದು, ಬಿಸಿನೀರಲ್ಲಿ ಕಾಫಿ ಇಳಿಸುವುದು, ಆದರೆ ಇಳಿಯುವ ಪ್ರತಿ ಹನಿಯೂ ನೇರವಾಗಿ ಐಸ್ ಮೇಲೆ ಬಿದ್ದು ಆ ಕ್ಷಣವೇ ತಣ್ಣಗಾಗುವಂತೆ ನೋಡಿಕೊಳ್ಳುವುದು. ಇದನ್ನು ಫ್ಲ್ಯಾಶ್ ಬ್ರೂ ಅಂತಲೂ ಜಪಾನಿ ಐಸ್ಡ್ ಕಾಫಿ ಅಂತಲೂ ಕರೆಯುತ್ತಾರೆ.

ಒಂದೇ ಚೀಲದ ಬೀಜದಿಂದ ಎರಡನ್ನೂ ಮಾಡಿ ಪಕ್ಕ ಪಕ್ಕ ಇಟ್ಟು ಕುಡಿದು ನೋಡಿ. ನಾನು ಮಾಡಿದ್ದು ಹದವಾಗಿ ಹುರಿದ ಅರಾಬಿಕಾದಲ್ಲಿ. ರಾತ್ರಿ ನೆನೆಸಿದ್ದು ಬಾಯಿಗೆ ಗುಂಡಗೆ, ಮೆತ್ತಗೆ ಬಂತು. ಕೋಕೋ, ಸುಟ್ಟ ಸಕ್ಕರೆ, ಕೊನೆಯಲ್ಲಿ ಒಂಚೂರು ಸಿಹಿ. ಆದರೆ ಮೂಗಿಗೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಐಸ್ ಮೇಲೆ ಇಳಿಸಿದ್ದು ತುಟಿ ತಾಗುವ ಮೊದಲೇ ಘಮ ಬಂತು, ನಾಲಿಗೆಯ ಅಂಚಿನಲ್ಲಿ ಕಿತ್ತಳೆಯ ಹುಳಿ ಚುರುಕ್ ಅಂತು. ಇದು ಒಂದೇ ಕಾಫಿ ಅಂತ ಹೇಳಿದರೆ ಯಾರೂ ನಂಬುವುದಿಲ್ಲ.

ಕಾರಣ ಸರಳ. ಬಿಸಿನೀರು ಅವಸರದ ನೆಂಟ ಇದ್ದ ಹಾಗೆ, ನಾಲ್ಕು ನಿಮಿಷದಲ್ಲಿ ಮನೆಯೆಲ್ಲ ಜಾಲಾಡಿ ಹುಳಿ, ಘಮ, ಕಹಿ ಎಲ್ಲವನ್ನೂ ಹೊರಗೆಳೆಯುತ್ತದೆ. ತಣ್ಣೀರು ಸುಲಭವಾಗಿ ಕರಗುವುದನ್ನು ನಿಧಾನಕ್ಕೆ ಕರಗಿಸಿಕೊಂಡು, ಕಷ್ಟದ್ದನ್ನು ಅಲ್ಲೇ ಬಿಡುತ್ತದೆ. ಹೀಗೆ ಬಿಟ್ಟುಹೋಗುವುದರಲ್ಲಿ ಕಹಿಯೂ ಇದೆ, ಕೆಲವು ಒಳ್ಳೆಯ ಘಮವೂ ಇದೆ. ಕೆಫೀನ್ ಮಾತ್ರ ಸಮಯ ಕೊಟ್ಟರೆ ತಣ್ಣೀರಿಗೂ ಚೆನ್ನಾಗಿಯೇ ಇಳಿಯುತ್ತದೆ.

ಇಲ್ಲಿ ಒಂದು ಮಾತು. ಕೋಲ್ಡ್ ಬ್ರೂನಲ್ಲಿ ಆಮ್ಲವೇ ಇಲ್ಲ, ಹೊಟ್ಟೆಗೆ ಔಷಧಿ ಇದ್ದ ಹಾಗೆ ಅಂತ ಹೇಳುವವರಿದ್ದಾರೆ. 2018ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಬಿಸಿ ಮತ್ತು ತಣ್ಣನೆ ಕಾಫಿಗಳನ್ನು ಅಕ್ಕಪಕ್ಕ ಇಟ್ಟು ಅಳೆಯಿತು. ಹುಳಿಯನ್ನು ಅಳೆಯುವ ಪಿಎಚ್ (ಇದು ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಎರಡರಲ್ಲೂ ಹೆಚ್ಚು ಕಡಿಮೆ ಒಂದೇ, ಎಲ್ಲವೂ 4.85ರಿಂದ 5.13ರ ಒಳಗೆ. ಒಟ್ಟು ಆಮ್ಲದ ಪ್ರಮಾಣ ಮಾತ್ರ ಬಿಸಿ ಕಾಫಿಯಲ್ಲಿ ಜಾಸ್ತಿ ಇತ್ತು. ಹಾಗಾಗಿ ಹುಳಿ ಕಡಿಮೆ ಅಂತ ನಾಲಿಗೆ ಹೇಳುವುದು ಸುಳ್ಳಲ್ಲ, ಆಮ್ಲವೇ ಇಲ್ಲ ಅನ್ನುವುದು ಸುಳ್ಳು. ಹೊಟ್ಟೆಯ ತೊಂದರೆ ಇರುವವರು ಇದನ್ನೇ ನಂಬಿಕೊಂಡು ಲೋಟಗಟ್ಟಲೆ ಕುಡಿಯಬೇಡಿ.

ಹಾಲು ಹಾಕಿ ಕುಡಿಯುವವರಿಗೆ, ಕಹಿ ಆಗದವರಿಗೆ, ಕಪ್ಪಗೆ ಹುರಿದ ಬೀಜ ಇಷ್ಟಪಡುವವರಿಗೆ ಕೋಲ್ಡ್ ಬ್ರೂ ಸರಿ. ಬೀಜ ಸ್ವಲ್ಪ ಹಳತಾಗಿದ್ದರೂ ಅದು ಕ್ಷಮಿಸುತ್ತದೆ. ತಿಳಿಯಾಗಿ ಹುರಿದ, ಹಣ್ಣಿನ ಹುಳಿಯ ದುಬಾರಿ ಬೀಜ ತಂದಿದ್ದರೆ ಅದನ್ನು ರಾತ್ರಿಯಿಡೀ ನೆನೆಸಬೇಡಿ. ನೀವು ದುಡ್ಡು ಕೊಟ್ಟಿದ್ದೇ ಆ ಘಮಕ್ಕೆ, ಅಲ್ವಾ? ಅದು ಬೇಕಾದರೆ ಬಿಸಿನೀರೇ ಬೇಕು.

ಗಟ್ಟಿ ಡಿಕಾಕ್ಷನ್ನೋ, ನೇರವಾಗಿ ಕುಡಿಯುವ ಹದವೋ?

ನೆನೆಸುವುದು ಅಂತಾದರೆ ಮುಂದಿನ ಪ್ರಶ್ನೆ ಅಳತೆಯದು. ಹೆಚ್ಚಿನವರು ಹೇಳುವುದು 1 ಪಾಲು ಪುಡಿಗೆ 4 ಅಥವಾ 5 ಪಾಲು ನೀರು. ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ, ಬೇಕಾದಾಗ ನೀರೋ ಹಾಲೋ ಬೆರೆಸಿಕೊಳ್ಳಬಹುದು. ಫ್ರಿಜ್ಜಿನಲ್ಲಿ ಜಾಗ ಕಡಿಮೆ ಸಾಕು, ಐಸ್ ಕರಗಿದರೂ ನೀರು ನೀರಾಗುವುದಿಲ್ಲ. ಕೇಳಲು ಚೆನ್ನಾಗಿದೆ. ಇದಕ್ಕೆ ತೆರುವ ಬೆಲೆಯನ್ನು ಮಾತ್ರ ಯಾರೂ ಎತ್ತಿ ಹೇಳುವುದಿಲ್ಲ.

ಒದ್ದೆಯಾದ ಕಾಫಿ ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. 100 ಗ್ರಾಂ ಪುಡಿಗೆ 500 ಮಿ.ಲೀ. ನೀರು ಹಾಕಿದಿರಿ ಅನ್ನಿ. ನಿಮ್ಮ ಕೈಗೆ ಬರುವುದು 300 ಮಿ.ಲೀ. ಮಾತ್ರ. ಉಳಿದ 200 ಚರಟದೊಳಗೆ. ಅದೇನು ಬರೀ ನೀರಲ್ಲ, ಬಾಟಲಿಯಲ್ಲಿ ಇರುವಷ್ಟೇ ಗಟ್ಟಿ ಕಾಫಿ. ಅಂದರೆ ಕರಗಿದ ಕಾಫಿಯ 40 ಶೇಕಡಾ ಕಸದ ಬುಟ್ಟಿಗೆ. ಅದೇ 100 ಗ್ರಾಮಿಗೆ 1200 ಮಿ.ಲೀ. ಹಾಕಿದರೆ ಚರಟ ನುಂಗುವುದು ಆಗಲೂ 200 ಮಿ.ಲೀ., ಆದರೆ ಅದು ಒಟ್ಟಿನ ಆರನೇ ಒಂದು ಪಾಲು ಅಷ್ಟೆ. ಪೂರ್ತಿ ಒಂದು ಲೀಟರ್ ಕುಡಿಯುವ ಕಾಫಿ ಸಿಗುತ್ತದೆ. ಗಟ್ಟಿ ಡಿಕಾಕ್ಷನ್ನನ್ನು ಇದೇ ಹದಕ್ಕೆ ತೆಳು ಮಾಡಿದರೆ ಬರುವುದು 720 ಮಿ.ಲೀ. ಲೆಕ್ಕ ಹಾಕಿದ ದಿನ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಅದುವರೆಗೆ ಎಷ್ಟು ಚರಟವನ್ನು ಗಿಡದ ಬುಡಕ್ಕೆ ಸುರಿದಿದ್ದೆನೋ.

ಅದಕ್ಕೇ ನನ್ನ ಸಲಹೆ ಹೀಗೆ. ಹಾಲಿಲ್ಲದೆ ಕುಡಿಯುವವರು 1:12ರಲ್ಲಿ ನೇರವಾಗಿ ಕುಡಿಯುವ ಹದಕ್ಕೇ ಮಾಡಿ. ಹಾಲು ಬೆರೆಸುವವರಿಗೆ ಗಟ್ಟಿಯದೇ ಬೇಕು, ಇಲ್ಲದಿದ್ದರೆ ಹಾಲಿನಲ್ಲಿ ಕಾಫಿ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಅವರು 1:5ರಲ್ಲಿ ನೆನೆಸಿ, ಮೊದಲ ಸಲ ಬಸಿದ ಮೇಲೆ ಚರಟದ ಮೇಲೆ ಇನ್ನೊಂದು 150 ಮಿ.ಲೀ. ತಣ್ಣೀರನ್ನು ಸುತ್ತಲೂ ನಿಧಾನಕ್ಕೆ ಸುರಿಯಲಿ. ಒಳಗೆ ಸಿಕ್ಕಿಕೊಂಡ ಕಾಫಿಯಲ್ಲಿ ಒಳ್ಳೆಯ ಪಾಲು ಇಳಿದುಬರುತ್ತದೆ. ಮೊದಲಿನಷ್ಟು ಗಟ್ಟಿ ಇರುವುದಿಲ್ಲ, ಆದರೂ ಬೆರೆಸಿಕೊಳ್ಳಬಹುದು.

ಅಳತೆಗೆ ಚಮಚ ಬೇಡ, ತೂಕ ಮಾಡಿ. ತರಿಯಾದ ಪುಡಿ ಮತ್ತು ನುಣ್ಣನೆ ಪುಡಿ ಒಂದೇ ಚಮಚದಲ್ಲಿ ಬೇರೆ ಬೇರೆ ತೂಗುತ್ತವೆ.

ಸಮಯದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹೊರಗೆ ಇಟ್ಟರೆ 12ರಿಂದ 16 ಗಂಟೆ, ಫ್ರಿಜ್ಜಿನಲ್ಲಾದರೆ 18ರಿಂದ 24. ಬಿಸಿಲ ದಿನಗಳಲ್ಲಿ ಫ್ರಿಜ್ಜೇ ಒಳ್ಳೆಯದು. 24 ದಾಟಿದರೆ ಇನ್ನೂ ಚೆನ್ನಾಗುತ್ತದೆ ಅಂದುಕೊಳ್ಳಬೇಡಿ. ಕಟ್ಟಿಗೆಯ ವಾಸನೆ, ಒಗರು ಶುರುವಾಗುತ್ತದೆ.

ಸೋಸುವುದೇ ಅಸಲಿ ಕೆಲಸ

ನನ್ನ ಮೊದಲ ಕೋಲ್ಡ್ ಬ್ರೂ ಕಥೆ ಕೇಳಿ. ಮನೆಯಲ್ಲಿ ಇದ್ದದ್ದು ನುಣ್ಣನೆ ಪುಡಿ. ಪುಡಿ ಪುಡಿಯೇ ತಾನೇ ಅಂತ 100 ಗ್ರಾಂ ಹಾಕಿ ನೆನೆಸಿದೆ. ಬೆಳಗ್ಗೆ ಜಾಡಿಯ ತಳದಲ್ಲಿ ಕೆಸರು, ಮೇಲೆ ಕಪ್ಪು ನೀರು. ಪೇಪರ್ ಫಿಲ್ಟರಿಗೆ ಸುರಿದೆ. ಮೊದಲ ಒಂದು ನಿಮಿಷ ಧಾರೆ, ಆಮೇಲೆ ಹನಿ, ಆಮೇಲೆ ಅದೂ ಇಲ್ಲ. ಪುಡಿ ಹೋಗಿ ಕಾಗದದ ರಂಧ್ರಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ಚಮಚದಿಂದ ಕೆರೆದೆ, ಕಾಗದ ಹರಿಯಿತು, ಕೆಸರೆಲ್ಲ ಸೋಸಿದ ಕಾಫಿಗೇ ಧೊಪ್ಪೆಂದು ಬಿತ್ತು. ಮತ್ತೆ ಮೊದಲಿನಿಂದ. ನಾಲ್ಕು ಕಾಗದ, ಮುಕ್ಕಾಲು ಗಂಟೆ, ಕಟ್ಟೆಯ ಮೇಲೆ ಕಂದು ಕೆರೆ. ಕುಡಿದರೆ ಕಹಿ.

ಹಾಗಾಗಿ ಪುಡಿ ತರಿತರಿಯಾಗಿರಬೇಕು. ಬೆರಳಲ್ಲಿ ತಿಕ್ಕಿದರೆ ಕಲ್ಲುಪ್ಪಿನ ಪುಡಿಯ ಹಾಗೆ ಕಾಳು ಕಾಳಾಗಿ ಸಿಗಬೇಕು. ಎಸ್‌ಪ್ರೆಸೋಗೆ ಬೀಸಿದ ಪುಡಿ ಇದಕ್ಕೆ ಆಗುವುದೇ ಇಲ್ಲ. ಬ್ಲೇಡಿನ ಮಿಕ್ಸಿಯಲ್ಲಿ ಬೀಸುವವರು ಒಂದೇ ಸಮನೆ ಓಡಿಸದೆ ಬಿಟ್ಟು ಬಿಟ್ಟು ತಿರುಗಿಸಿ. ಆದರೂ ಸ್ವಲ್ಪ ಧೂಳು ಬಂದೇ ಬರುತ್ತದೆ. ಸಣ್ಣ ಜರಡಿಯಲ್ಲಿ ಒಮ್ಮೆ ಆಡಿಸಿ ಆ ಧೂಳನ್ನು ತೆಗೆದಿಟ್ಟರೆ ಬೆಳಗ್ಗೆ ನಿಮಗೇ ಸುಖ.

ಈಗ ಸಾಮಾನುಗಳಿಗೆ ಬರೋಣ. ಜಾಡಿ ಮತ್ತು ಪೇಪರ್ ಫಿಲ್ಟರ್ ನನ್ನ ಆಯ್ಕೆ. ಯಾವುದೋ ಗಾಜಿನ ಜಾಡಿ, ಒಂದು ಜರಡಿ, ಒಂದು ಕಾಗದ. ಇಲ್ಲಿ ಗುಟ್ಟು ಇರುವುದು ಎರಡು ಹಂತದಲ್ಲಿ ಸೋಸುವುದರಲ್ಲಿ. ಮೊದಲು ಜರಡಿಯಲ್ಲಿ ದಪ್ಪ ಚರಟ ತೆಗೆಯಿರಿ. ಸೋಸಿದ್ದನ್ನು ಒಂದು ಗಂಟೆ ಅಲುಗಾಡಿಸದೆ ಫ್ರಿಜ್ಜಿನಲ್ಲಿಡಿ. ಗಸಿ ತಳಕ್ಕೆ ಕೂರುತ್ತದೆ. ಆಮೇಲೆ ಒದ್ದೆ ಮಾಡಿದ ಕಾಗದದ ಮೇಲೆ ಮೇಲಿನ ತಿಳಿಯನ್ನು ಮೆಲ್ಲಗೆ ಬಗ್ಗಿಸಿ. ತಳದ ಒಂದು ಬೆರಳಷ್ಟನ್ನು ಬಿಟ್ಟುಬಿಡಿ, ಆಸೆಪಡಬೇಡಿ. ಬರುವ ಕಾಫಿ ಬೆಳಕಿಗೆ ಹಿಡಿದರೆ ಕೆಂಪಗೆ ಹೊಳೆಯುತ್ತದೆ. ಕಾಗದ ಎಣ್ಣೆಯ ಅಂಶವನ್ನೂ ಹಿಡಿದಿಡುವುದರಿಂದ ರುಚಿ ತಿಳಿಯಾಗಿರುತ್ತದೆ, ಇಟ್ಟರೂ ಬೇಗ ಕೆಡುವುದಿಲ್ಲ.

ಬಟ್ಟೆಯಲ್ಲಿ ಸೋಸಿದರೆ ಬೇಗ ಮುಗಿಯುತ್ತದೆ, ಕಾಫಿ ಬಾಯಿಗೆ ಸ್ವಲ್ಪ ದಪ್ಪಗಿರುತ್ತದೆ. ಆದರೆ ಕಟ್ಟಿದ ಗಂಟನ್ನು ನೋಡಿದರೆ ಹಿಂಡದೆ ಇರಲು ಕೈ ಕೇಳುವುದಿಲ್ಲ. ಹಿಂಡಿದರೆ ಗಸಿಯೆಲ್ಲ ಹೊರಬರುತ್ತದೆ. ತೂಗುಹಾಕಿ ಸುಮ್ನೆ ಬಿಡಿ. ಬಟ್ಟೆಗೆ ಸೋಪು ಹಾಕಬೇಡಿ, ಮುಂದಿನ ಸಲದ ಕಾಫಿ ಸೋಪಿನ ವಾಸನೆ ಹೊಡೆಯುತ್ತದೆ. ಬಿಸಿನೀರಲ್ಲಿ ಜಾಲಿಸಿ ಪೂರ್ತಿ ಒಣಗಿಸಿ.

ಫ್ರೆಂಚ್ ಪ್ರೆಸ್, ಅಂದರೆ ಹಿಡಿ ಒತ್ತಿ ಜಾಲರಿಯಿಂದ ಕಾಫಿ ಬಸಿಯುವ ಜಾಡಿ, ಈಗಾಗಲೇ ಮನೆಯಲ್ಲಿದ್ದರೆ ಬೇರೇನೂ ಕೊಳ್ಳಬೇಡಿ. ಅದರಲ್ಲೇ ನೆನೆಸಿ ಅದರಲ್ಲೇ ಬಸಿಯಬಹುದು. ಹಿಡಿಯನ್ನು ತಳದ ತನಕ ಒತ್ತಬೇಡಿ. ಚರಟದ ಮೇಲೆ ಕೂತರೆ ಸಾಕು, ಜಾಲರಿ ಅದನ್ನು ತಡೆದು ನಿಲ್ಲಿಸುತ್ತದೆ. ಲೋಟದ ತಳದಲ್ಲಿ ಒಂದಿಷ್ಟು ಗಸಿ ಉಳಿಯುವುದು ಖಂಡಿತ. ಅದು ಬೇಡ ಅಂದರೆ ಕಾಗದದಲ್ಲಿ ಇನ್ನೊಮ್ಮೆ ಸೋಸಿ.

ಮಧ್ಯದಲ್ಲಿ ಉದ್ದ ಜಾಲರಿ ಇರುವ ಬಾಟಲಿಗಳು ನೋಡಲು ಚೆಂದ, ತೊಳೆಯಲು ಸುಲಭ. ಪುಡಿ ತುಂಬಿದ ಜಾಲರಿಯನ್ನು ಬೆಳಗ್ಗೆ ಎತ್ತಿದರೆ ಮುಗಿಯಿತು. ತೊಂದರೆ ಇರುವುದು ಒಳಗೆ. ಪುಡಿ ಇಕ್ಕಟ್ಟಿನಲ್ಲಿ ಕೂತಿರುತ್ತದೆ, ನೀರು ಅದರ ನಡುವೆ ಓಡಾಡುವುದಿಲ್ಲ. ಸುರಿದ ತಕ್ಷಣ ಉದ್ದ ಚಮಚದಲ್ಲಿ ಕಲಕದಿದ್ದರೆ ನಡುವಿನ ಪುಡಿ ಒಣಗಿಯೇ ಇರುತ್ತದೆ. ನಾನು ಒಮ್ಮೆ 18 ಗಂಟೆ ಬಿಟ್ಟು ಬಗ್ಗಿಸಿದಾಗ ಒಳಗಿನಿಂದ ಒಣ ಪುಡಿಯ ಉಂಡೆ ಉದುರಿತ್ತು. ಗಟ್ಟಿ ಡಿಕಾಕ್ಷನ್ನಿಗೆ ಇದು ಬೇಡ, ತೆಳು ಹದಕ್ಕೆ ಆಗಬಹುದು.

ದೊಡ್ಡ ಬಕೆಟ್ಟಿನಂಥ ಸಾಮಾನು, ತಳದಲ್ಲಿ ಸೋಸಲು ದಪ್ಪ ಫೆಲ್ಟ್ ಬಟ್ಟೆಯ ಬಿಲ್ಲೆ, ಬೂಚು ಎಳೆದರೆ ಕಾಫಿ ತಾನಾಗಿ ಇಳಿಯುತ್ತದೆ. ಟಾಡಿ ಅನ್ನುವ ಹೆಸರಿನದು 1964ರಿಂದ ಇದೆ. ವಾರಕ್ಕೆ ಲೀಟರುಗಟ್ಟಲೆ ಬೇಕಾದ ಮನೆಗೆ ಇದು ಒಳ್ಳೆಯದು. ಒಬ್ಬರಿಗೆ ಅಥವಾ ಇಬ್ಬರಿಗೆ ಇದು ಅತಿಯಾಯಿತು.

ಐಸ್ ಮೇಲೆ ಇಳಿಸುವ ಲೆಕ್ಕ

ಈಗಲೇ ಬೇಕು, ರಾತ್ರಿ ತನಕ ಕಾಯಲಾರೆ ಅನ್ನುವವರಿಗೆ ಇದು. ಶಂಕುವಿನ ಆಕಾರದ ಡ್ರಿಪ್ಪರ್ (ತಳದಲ್ಲಿ ತೂತಿರುವ ಸೋಸುವ ಬಟ್ಟಲು), ಅದರೊಳಗೆ ಕಾಗದ, ಕೆಳಗೆ ಐಸ್ ಇಟ್ಟ ಪಾತ್ರೆ. ಐದು ನಿಮಿಷದ ಕೆಲಸ.

ತಪ್ಪು ಆಗುವುದು ಒಂದೇ ಕಡೆ. ಎಂದಿನಂತೆ ಕಾಫಿ ಇಳಿಸಿ ಆಮೇಲೆ ಐಸ್ ಹಾಕುತ್ತಾರೆ. ಐಸ್ ಕರಗಿ ಕಾಫಿ ನೀರಾಗುತ್ತದೆ. ಕರಗುವ ಐಸನ್ನೂ ಕಾಫಿಯ ನೀರು ಅಂತಲೇ ಎಣಿಸಬೇಕು. 20 ಗ್ರಾಂ ಪುಡಿಗೆ ಒಟ್ಟು 300 ಗ್ರಾಂ ನೀರು ಅಂತ ಇಟ್ಟುಕೊಂಡರೆ ಅದರಲ್ಲಿ 180 ಗ್ರಾಂ ಮಾತ್ರ ಬಿಸಿನೀರು, ಉಳಿದ 120 ಗ್ರಾಂ ಐಸ್.

ಈ ಅಳತೆ ಸುಮ್ನೆ ಬಂದದ್ದಲ್ಲ. 180ರಲ್ಲಿ 40 ಗ್ರಾಂ ಪುಡಿ ಕುಡಿಯುತ್ತದೆ, ಕೆಳಗೆ ಬೀಳುವುದು 140. ಅದು ಸುಮಾರು 80 ಡಿಗ್ರಿ ಸೆಲ್ಸಿಯಸ್ ಇರುತ್ತದೆ ಅನ್ನಿ. ಒಂದು ಗ್ರಾಂ ಐಸ್ ಕರಗಲು 80 ಕ್ಯಾಲೊರಿ ಶಾಖ ಬೇಕು. ಲೆಕ್ಕ ಹಾಕಿದರೆ 120 ಗ್ರಾಂ ಐಸ್ ಪೂರ್ತಿ ಕರಗಿ, ಕಾಫಿ 6 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಪಾತ್ರೆಯ ಬಿಸಿ ಸೇರಿ ಒಂದೆರಡು ಡಿಗ್ರಿ ಆಚೀಚೆ. ಫ್ರಿಜ್ಜಿನಿಂದ ತೆಗೆದಷ್ಟೇ ತಣ್ಣಗೆ! ಇದನ್ನು ಹೊಸ ಐಸ್ ತುಂಬಿದ ಲೋಟಕ್ಕೆ ಸುರಿದರೆ ಆ ಐಸ್ ಬೇಗ ಕರಗುವುದಿಲ್ಲ.

ಬಿಸಿನೀರು ಕಡಿಮೆ ಇರುವುದರಿಂದ ಪುಡಿಯನ್ನು ಎಂದಿಗಿಂತ ಒಂಚೂರು ನುಣ್ಣಗೆ ಬೀಸಿ. ನೀರನ್ನು ಒಮ್ಮೆಲೇ ಸುರಿಯದೆ ಮೊದಲು 50 ಗ್ರಾಂ ಹಾಕಿ ಅರ್ಧ ನಿಮಿಷ ಬಿಡಿ, ಪುಡಿ ಉಬ್ಬಿ ಉಸಿರು ಬಿಡುತ್ತದೆ. ಆಮೇಲೆ ಎರಡು ಮೂರು ಸಲಕ್ಕೆ ಉಳಿದದ್ದು. ಮಾಡಿದ ಕೂಡಲೇ ಕುಡಿಯಿರಿ. ಇದನ್ನು ನಾಳೆಗೆ ಎತ್ತಿಡುವುದರಲ್ಲಿ ಅರ್ಥವಿಲ್ಲ, ಘಮ ಹೋದರೆ ಅದರಲ್ಲಿ ಏನಿದೆ?

ಉಳಿದ ದಾರಿಗಳು

ಗಾಜಿನ ಗೋಪುರದಲ್ಲಿ ಸೆಕೆಂಡಿಗೆ ಒಂದು ಹನಿಯಂತೆ ತಣ್ಣೀರು ತೊಟ್ಟಿಕ್ಕಿಸುವ ಕ್ಯೋಟೋ ಶೈಲಿ ಇದೆ. ನೋಡುತ್ತಾ ಕೂರಲು ಬಹಳ ಚೆನ್ನ. ಕಾಫಿಯೂ ತಿಳಿಯಾಗಿ ಬರುತ್ತದೆ. ಆದರೆ ಹನಿಯ ವೇಗ ಮಧ್ಯೆ ಮಧ್ಯೆ ಬದಲಾಗುತ್ತದೆ, ಆಗಾಗ ಎದ್ದು ತಿರುಪು ಸರಿಮಾಡಬೇಕು. ಹವ್ಯಾಸಕ್ಕೆ ಸರಿ, ದಿನನಿತ್ಯಕ್ಕೆ ಅಲ್ಲ.

ಏರೋಪ್ರೆಸ್ (ಕೈಯಿಂದ ಒತ್ತಿ ಕಾಫಿ ಇಳಿಸುವ ಕೊಳವೆ) ಇದ್ದವರು ನುಣ್ಣನೆ ಪುಡಿಗೆ ತಣ್ಣೀರು ಹಾಕಿ ಒಂದು ನಿಮಿಷ ಬಿಡದೆ ಕಲಕಿ ಒತ್ತಿದರೆ ಒಂದು ಲೋಟಕ್ಕಾಗುವಷ್ಟು ಡಿಕಾಕ್ಷನ್ ಸಿಗುತ್ತದೆ. ರಾತ್ರಿ ನೆನೆಸಿದ್ದರ ದುಂಡುತನ ಅದಕ್ಕಿಲ್ಲ. ಅವಸರಕ್ಕೆ ಪರವಾಗಿಲ್ಲ.

ನೈಟ್ರೋಜನ್ ಅನಿಲ ಬೆರೆಸಿದ ನೈಟ್ರೋ ಕಾಫಿಯ ನೊರೆ ನೋಡಿ ಆಸೆಪಟ್ಟು ಕ್ರೀಮ್ ಕಡೆಯುವ ಸಿಲಿಂಡರ್ ಕೊಳ್ಳುವವರು ಗಮನಿಸಿ. ಅದರ ಸಾಮಾನ್ಯ ಕಾರ್ಟ್ರಿಜ್ಜಿನಲ್ಲಿ ಇರುವುದು ನೈಟ್ರೋಜನ್ ಅಲ್ಲ, ನೈಟ್ರಸ್ ಆಕ್ಸೈಡ್. ನೊರೆಯೂ ಬೇರೆ, ರುಚಿಯೂ ಬೇರೆ.

ಸಕ್ಕರೆ ತಣ್ಣನೆ ಕಾಫಿಯಲ್ಲಿ ಬೇಗ ಕರಗುವುದಿಲ್ಲ, ತಳದಲ್ಲಿ ಕೂತು ಕೊನೆಯ ಗುಟುಕನ್ನು ಪಾಯಸ ಮಾಡುತ್ತದೆ. ಸಮಸಮ ಸಕ್ಕರೆ ನೀರು ಬಿಸಿ ಮಾಡಿ ಪಾಕ ಇಟ್ಟುಕೊಳ್ಳಿ. ಯಾವ ದಾರಿ ಹಿಡಿದರೂ ಇದು ಬೇಕಾಗುತ್ತದೆ.

ಎಷ್ಟು ದಿನ, ಎಷ್ಟು ಕುಡಿಯಬಹುದು?

ಬಿಸಿ ತಾಗದ ಕಾಫಿಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಹಂತವೇ ಇಲ್ಲ. ಪಿಎಚ್ 5ರ ಹತ್ತಿರ ಅಂದರೆ ತಾನೇ ತಾನಾಗಿ ಕೆಡದೆ ಉಳಿಯುವಷ್ಟು ಹುಳಿಯೂ ಅಲ್ಲ. ಜಾಡಿ, ಜರಡಿ ಚೆನ್ನಾಗಿ ತೊಳೆದಿರಬೇಕು. ಸೋಸಿದ ಮೇಲೆ ಫ್ರಿಜ್ಜಿನಲ್ಲೇ ಇಡಬೇಕು, 4 ಡಿಗ್ರಿಯ ಆಸುಪಾಸಿನಲ್ಲಿ. ಗಾಳಿಯಾಡದ ಹಾಗೆ ಮುಚ್ಚಿ ಹೊರಗಿಡುವುದಂತೂ ಬೇಡವೇ ಬೇಡ. ಗಟ್ಟಿ ಡಿಕಾಕ್ಷನ್ನನ್ನು ಒಂದು ವಾರದೊಳಗೆ, ತೆಳುವಾದದ್ದನ್ನು ಎರಡು ಮೂರು ದಿನದೊಳಗೆ, ಹಾಲು ಬೆರೆಸಿದ್ದನ್ನು ಅವತ್ತೇ ಮುಗಿಸಿ.

ಇನ್ನು ಕೆಫೀನ್. ಅರಾಬಿಕಾ ಬೀಜದಲ್ಲಿ ತೂಕದ ಸುಮಾರು 1.2 ಶೇಕಡಾ ಕೆಫೀನ್ ಇರುತ್ತದೆ, ರೋಬಸ್ಟಾದಲ್ಲಿ ಹೆಚ್ಚು ಕಡಿಮೆ ಅದರ ಎರಡರಷ್ಟು. 100 ಗ್ರಾಂ ಅರಾಬಿಕಾವನ್ನು 500 ಮಿ.ಲೀ. ನೀರಲ್ಲಿ ನೆನೆಸಿ ಕೆಫೀನ್ ಪೂರ್ತಿ ಇಳಿದರೆ, 100 ಮಿ.ಲೀ. ಡಿಕಾಕ್ಷನ್ನಿನಲ್ಲಿ 240 ಮಿ.ಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಹೇಳಿದ ಮಿತಿ 400 ಮಿ.ಗ್ರಾಂ., ಗರ್ಭಿಣಿಯರಿಗೆ 200.

ಕೋಲ್ಡ್ ಬ್ರೂ ಕಹಿ ಇಲ್ಲದೆ ಸರಾಗ ಇಳಿಯುವುದರಿಂದ ಎಷ್ಟು ಕುಡಿದೆವು ಅನ್ನುವುದು ತಿಳಿಯುವುದೇ ಇಲ್ಲ. ನಮ್ಮನೆಗೆ ಬಂದಿದ್ದ ನೆಂಟರೊಬ್ಬರು ಸಂಜೆ ಫ್ರಿಜ್ಜು ತೆಗೆದು, ಬಾಟಲಿಯಲ್ಲಿದ್ದ ಡಿಕಾಕ್ಷನ್ನನ್ನು ಹಾಗೇ ಒಂದು ಲೋಟ ಕುಡಿದು "ಚೆನ್ನಾಗಿದೆ ಕಣ್ರೀ" ಅಂದಿದ್ದರು. ರಾತ್ರಿ ಮೂರು ಗಂಟೆಗೆ ಹಜಾರದಲ್ಲಿ ದೀಪ ಉರಿಯುತ್ತಿತ್ತು. ಎದ್ದು ಹೋಗಿ ನೋಡಿದರೆ ನೆಟ್ಟಗೆ ಕೂತು ಹಳೇ ಪೇಪರ್ ಓದುತ್ತಿದ್ದಾರೆ. ಅವತ್ತಿನಿಂದ ಬಾಟಲಿಗೆ ಚೀಟಿ ಅಂಟಿಸುತ್ತೇನೆ. ಮೇಲೆ ತಾರೀಖು, ಕೆಳಗೆ ದಪ್ಪ ಅಕ್ಷರದಲ್ಲಿ: ಗಟ್ಟಿ ಇದೆ, ನೀರು ಬೆರೆಸಿ.